ದೀಪದ ಗೂಡು ಬಲಗಡೆ

ಫೆಬ್ರವರಿ 9

ಊರಿಗೆ ಬಂದು ಹನ್ನೆರಡು ದಿನವಾಯಿತು. ಶಾರ್ಜಾದ ಹಳೆಯ ಕಾಂಟ್ರಾಕ್ಟು ಮುಗಿದಿದೆ, ಅದೇ ಕಂಪನಿ ಹೊಸ ವೀಸಾ ಕೊಟ್ಟು ಮತ್ತೆ ಕರೆಸುತ್ತದಂತೆ. ಹೊಸಂಗಡಿಯ ಏಜೆಂಟ್ ಪ್ರವೀಣಣ್ಣನಿಗೆ ದಿನಾ ಫೋನು ಮಾಡುತ್ತೇನೆ. "ಬರ್ತದೆ ಮಾರಾಯ, ವೀಸಾ ಎಂತ ಹೊಳೆಯಲ್ಲಿ ತೇಲಿಕೊಂಡು ಬರುವ ತೆಂಗಿನಕಾಯಿಯಾ?" ಎನ್ನುತ್ತಾನೆ.

ಅಲ್ಲಿ ಶಿಫ್ಟು ಮುಗಿಸಿ ಬಂದು ಹೊದಿಕೆಯೊಳಗೆ ದಿನದ ಸಂಗತಿಯನ್ನು ಫೋನಿನ ರೆಕಾರ್ಡರಿಗೆ ಪಿಸುಗುಡುವುದು ಅಭ್ಯಾಸವಾಗಿಹೋಗಿತ್ತು. ಕೋಣೆಯಲ್ಲಿ ಆರು ಜನ. ಇಬ್ಬರು ನೇಪಾಳಿ, ಒಬ್ಬ ಪಠಾಣ, ಒಬ್ಬ ತಮಿಳ, ನನ್ನ ಮೇಲಿನ ಬೆಡ್ಡಿನಲ್ಲಿ ಒಬ್ಬ ಬಂಗಾಳಿ. ಹೋಟೆಲುಗಳ ಎಸಿ ಡಕ್ಟಿನೊಳಗೆ ತೆವಳಿ ಧೂಳು ತೆಗೆಯುವುದು ಆ ಬಂಗಾಳಿ ಮತ್ತು ನಾನು. ಇಲ್ಲಿ ಮನೆಯಲ್ಲಿ ಪಿಸುಗುಟ್ಟಿದರೂ ಅಮ್ಮನಿಗೆ ಕೇಳುತ್ತದೆ. ಹಾಗಾಗಿ ಸಂಜೆ ಮನೆಯ ಹಿಂದಿನ ಬೋಳುಗುಡ್ಡದ ಪದವು ಹತ್ತಿ, ಬಂಡೆಯ ಮೇಲೆ ಕೂತು ಮಾತಾಡುತ್ತೇನೆ. ಒಂದು ಬದಿಗೆ ತಿರುಗಿದರೆ ಕೇರಳದ ಟವರು, ಇನ್ನೊಂದು ಬದಿಗೆ ಕರ್ನಾಟಕದ್ದು. ಫೋನಿಗೂ ತಾನು ಎಲ್ಲಿದ್ದೇನೆಂದು ಗೊತ್ತಿಲ್ಲ.

ಅಲ್ಲಿದ್ದಾಗ ಈ ಬಂಡೆ ಕನಸಿಗೆ ಬರುತ್ತಿತ್ತು. ಈಗ ಬಂಡೆಯ ಮೇಲೆ ಕೂತು ಆ ಕೋಣೆಯ ಎಸಿಯ ಸದ್ದನ್ನು ನೆನೆಯುತ್ತಿದ್ದೇನೆ.

ಇವತ್ತು ಗೌತಮಿ ಟೀಚರ್ ಬಂದಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವರು. ದೇಲಂಪಾಡಿ ಪಂಚಾಯತಿನ ಸುರಂಗಗಳನ್ನೆಲ್ಲ ಒಂದು ಪುಸ್ತಕದಲ್ಲಿ ದಾಖಲು ಮಾಡುತ್ತಿದ್ದಾರಂತೆ. ಬಂಗಾಳಿಗೆ ಒಮ್ಮೆ ಹೇಳಿದ್ದೆ, ನಮ್ಮೂರಲ್ಲಿ ಬಾವಿ ಕೆಳಗೆ ಇಳಿಯುವುದಿಲ್ಲ, ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡ ಹೋಗುತ್ತದೆ, ಒಳಗಿಂದ ನೀರು ತಾನಾಗಿ ಹರಿದು ಬರುತ್ತದೆ ಎಂದು. ಸುಳ್ಳು ಹೇಳಬೇಡ ಎಂದಿದ್ದ.

ಟೀಚರಿಗೆ ಆಸ್ತಮಾ. ಒಳಗೆ ಹೋಗಿ ಅಳತೆ ತೆಗೆಯಲು ಒಬ್ಬ ಜನ ಬೇಕು.

"ನಮ್ಮ ಪುಳ್ಳಿ ಇದ್ದಾನಲ್ಲ ಟೀಚರೇ," ಎಂದರು ಅಜ್ಜ ನನ್ನನ್ನು ತೋರಿಸಿ. "ಅರಬಿಗಳ ಗಾಳಿಯ ಕೊಳವೆಯೊಳಗೆ ಹೆಗ್ಗಣದ ಹಾಗೆ ಓಡಾಡಿದವ."

ಎಂಬತ್ತೆರಡರ ಅಜ್ಜನಿಗೆ ಈಗಲೂ ಸುರಂಗ ಚೆನ್ನಪ್ಪ ಎಂದೇ ಹೆಸರು. ಟೀಚರ್ ಅವರ ಕಾಲ ಬುಡದಲ್ಲಿ ನೆಲದ ಮೇಲೆಯೇ ಕೂತರು. ಅಜ್ಜ ಎದೆ ಉಬ್ಬಿಸಿ, "ಹೊರಗಿನ ಬೆಳಕು ಸಾಯ್ತದಲ್ಲ, ಅಲ್ಲಿಂದ ನಿಜವಾದ ಕೆಲಸ ಶುರು," ಎಂದರು.

ಹೇಗೂ ಹೊತ್ತು ಹೋಗುವುದಿಲ್ಲ. ಒಪ್ಪಿಕೊಂಡೆ.

ಫೆಬ್ರವರಿ 12

ಮೊದಲನೆಯದು ಸುಕುಮಾರಣ್ಣನ ಮನೆಯ ಸುರಂಗ. ಟೀಚರ ಪುಸ್ತಕದಲ್ಲಿ ಸಾಲುಗಳಿವೆ: ಯಾರ ಜಾಗ, ಉದ್ದ ಎಷ್ಟು, ನೀರು ಎಷ್ಟು, ತೋಡಿದವರು ಯಾರು.

"ತೋಡಿದ್ದು ನಮ್ಮ ಅಪ್ಪ," ಎಂದರು ಸುಕುಮಾರಣ್ಣ. ಟೀಚರ್ ಬರೆದುಕೊಂಡರು.

ಬಗ್ಗಿ ಒಳಗೆ ಹೋದೆ. ಕಣಕಾಲಿನವರೆಗೆ ನೀರು. ಎಷ್ಟು ತಂಪು! ಡಕ್ಟಿನ ತಂಪಿಗೆ ಒಂದು ವಾಸನೆ ಇರುತ್ತದೆ, ಇದಕ್ಕೆ ಯಾವ ವಾಸನೆಯೂ ಇಲ್ಲ. ಗೋಡೆಯ ತುಂಬ ಪಿಕ್ಕಾಸಿನ ಗೀರು, ಈಗಷ್ಟೇ ಎದ್ದು ಹೋದವರ ಕೆಲಸದ ಹಾಗೆ. ನಡುನಡುವೆ ಎಡಗೋಡೆಯಲ್ಲಿ ಅಂಗೈಯಷ್ಟು ಗೂಡುಗಳು, ದೀಪ ಇಡಲಿಕ್ಕೆ. ಹನ್ನೆರಡು ಕೋಲು ಉದ್ದ ಹೋದ ಮೇಲೆ ಒಂದು ತಿರುವು. (ಕೋಲು ಎಂದರೆ ಎರಡೂವರೆ ಅಡಿ. ಅಜ್ಜನ ಲೆಕ್ಕ, ಈಗ ನನ್ನದೂ.) ತಿರುವಿನಲ್ಲಿ ಬಾವಲಿಗಳು ಮುಖಕ್ಕೇ ಹಾರಿದವು. ಹಿಂದೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಜ್ಜನಿಗೆ ನಗು ತಡೆಯಲಾಗಲಿಲ್ಲ.

"ಸುಕುಮಾರನ ಅಪ್ಪನಾ? ಆ ಮನುಷ್ಯ ಬಗ್ಗಿ ತನ್ನ ಚಪ್ಪಲಿ ತೆಗೆದವನಲ್ಲ! ಗೂಡು ಯಾವ ಬದಿಗೆ ಉಂಟು ಹೇಳು."

"ಎಡಕ್ಕೆ."

"ಹಾಂ. ಬಲಗೈಯಲ್ಲಿ ಪಿಕ್ಕಾಸು ಬೀಸುವವ ದೀಪವನ್ನು ಎಡಕ್ಕೆ ಇಡ್ತಾನೆ. ಇಲ್ಲದಿದ್ದರೆ ಕೈ ತಾಗಿ ದೀಪ ಬೀಳ್ತದೆ, ಕೈಯ ನೆರಳು ಕೆಲಸದ ಮೇಲೆ ಬೀಳ್ತದೆ. ಎಡಕ್ಕೆ ಗೂಡು ಇದ್ದರೆ ಅದು ಚೆನ್ನಪ್ಪ."

"ಬಲಕ್ಕೆ ಇದ್ದರೆ?"

ಅಜ್ಜ ಅನ್ನ ಕಲಸುತ್ತ, "ಬಲಕ್ಕೆ ಎಲ್ಲಿ ಇರ್ತದೆ," ಎಂದರು.

ಫೆಬ್ರವರಿ 13

ಸುಕುಮಾರಣ್ಣನ ಅಪ್ಪನ ಹೆಸರನ್ನು ಟೀಚರ್ ಹೊಡೆದುಹಾಕಿ ಅಜ್ಜನ ಹೆಸರು ಬರೆದರು. ಒಂದು ಗೆರೆ, ಅದರ ಮೇಲೆ ಒಂದು ಹೆಸರು. ಅಷ್ಟಕ್ಕೇ ಮೈ ಜುಮ್ಮೆಂದಿತು.

ಪ್ರವೀಣಣ್ಣ ಫೋನು ಎತ್ತಲಿಲ್ಲ.

ಫೆಬ್ರವರಿ 19

ಐದು ದಿನ ಏನೂ ಮಾತಾಡಲಿಲ್ಲ ಇದರಲ್ಲಿ.

ಸೋಮವಾರ ಸುಕುಮಾರಣ್ಣನ ಸುರಂಗಕ್ಕೆ ಮತ್ತೆ ಹೋಗಿ ತಿರುವು ದಾಟಿದೆ. ಹೊರಗಿನ ಬೆಳಕು ಅಲ್ಲಿಗೆ ಪೂರ್ತಿ ನಿಲ್ಲುತ್ತದೆ. ಆಮೇಲೆ ಇಪ್ಪತ್ತಾರು ಕೋಲು ಇದೆ. ಅಷ್ಟೂ ಉದ್ದಕ್ಕೆ ದೀಪದ ಗೂಡುಗಳೆಲ್ಲ ಬಲಗಡೆ. ಅದೂ ತಗ್ಗಿನಲ್ಲಿ, ನನ್ನ ಸೊಂಟದ ಮಟ್ಟಕ್ಕೆ. ತಲೆಯ ಮೇಲಿನ ಮಾಡು ಕೂಡ ಕುಳ್ಳಗಾಗುತ್ತದೆ. ಅಲ್ಲಿಂದ ಮುಂದೆ ತೋಡಿದವನು ಗಿಡ್ಡ, ಎಡಗೈಯವನು. ಕೊನೆಯಲ್ಲಿ ನೀರು ಒಸರುವ ಗೋಡೆಯ ಪಕ್ಕ ಇನ್ನೊಂದು ಗೂಡು, ಅದರ ಮೇಲೆ ಎಣ್ಣೆಯ ಕಪ್ಪು ಇನ್ನೂ ಇದೆ. ಬೆರಳಿಟ್ಟರೆ ಬೆರಳು ಕಪ್ಪಾಯಿತು. ಐವತ್ತು ವರ್ಷದ ಹಿಂದಿನ ಮಸಿ.

ಆಮೇಲೆ ಇನ್ನೂ ನಾಲ್ಕು ಸುರಂಗ ನೋಡಿದೆ, ಎಲ್ಲವೂ ಅಜ್ಜ ತನ್ನದೆಂದವು. ಬೆಳಕು ಇರುವವರೆಗೆ ಗೂಡು ಎಡಕ್ಕೆ, ಬೆಳಕು ನಿಂತಲ್ಲಿಂದ ಬಲಕ್ಕೆ.

ಇವತ್ತು ಟೀಚರ್ ಹೊರಗೆ ನಿಂತು ಕೇಳಿದರು, "ಗೂಡು ಎಲ್ಲ ಯಾವ ಬದಿಗೆ ಕುಶಲ್?"

"ಎಡಕ್ಕೇ ಟೀಚರೇ. ಕೊನೆವರೆಗೂ."

ಬಾಯಿಗೆ ಬಂದುಬಿಟ್ಟಿತು. ಟೀಚರ್ ಖುಷಿಯಲ್ಲಿ ಹೇಳಿದರು, ಮಾರ್ಚ್ ಹದಿನಾಲ್ಕಕ್ಕೆ ಪಂಚಾಯತಿನಲ್ಲಿ ಪುಸ್ತಕದ ಬಿಡುಗಡೆಯಂತೆ, ಅಜ್ಜನಿಗೆ ಶಾಲು ಹೊದಿಸುತ್ತಾರಂತೆ. ಅಮ್ಮ ಆಗಲೇ ಅಜ್ಜನಿಗೆ ಉಡಲು ಹೊಸ ಮುಂಡು ತರಲು ಹೇಳಿದ್ದಾಳೆ.

ಫೆಬ್ರವರಿ 20

ಅಜ್ಜ ಬೆಳಗ್ಗೆ ಜಗಲಿಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಅಮ್ಮ ಹಾಲಿಗೆ ಹೋಗಿದ್ದಳು. ಕನ್ನಡಿಯಲ್ಲಿ ಅವರ ಮುಖ ನೋಡಿಕೊಂಡೇ ಕೇಳಿದೆ.

"ಬಲಗಡೆ ಗೂಡು ಯಾರದ್ದು ಅಜ್ಜ?"

ಬ್ಲೇಡು ನಿಂತಿತು. ಅಜ್ಜ ಅದನ್ನು ಮಗ್ಗಿನ ನೀರಿಗೆ ಅದ್ದಿ ಕೆಳಗಿಟ್ಟರು.

"ಕಿನ್ನಿ," ಎಂದರು.

ಆಮೇಲೆ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಇಲ್ಲಿಡುತ್ತೇನೆ.

"ಒಬ್ಬ ಒಳಗೆ ತೋಡುವುದು, ಒಬ್ಬರು ಹೊರಗೆ ಮಣ್ಣು ಎಳೆಯುವುದು. ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿಸಿ, ಹಗ್ಗ ಕಟ್ಟಿ. ಕಿನ್ನಿ ನನಗೆ ಮಣ್ಣು ಎಳೀಲಿಕ್ಕೆ ಬಂದ ಹುಡುಗಿ. ಇಷ್ಟೇ ಎತ್ತರ. ನನಗೆ ಇಪ್ಪತ್ತೊಂದು ಆಗುವಾಗ ಒಂದು ಸುರಂಗ ಕುಸಿಯಿತು. ಎದೆವರೆಗೆ ಮಣ್ಣು. ದೀಪ ಹೋಯ್ತು. ಅವಳು ಕೈಯಲ್ಲೇ ಗೀರಿ ಗೀರಿ ತೆಗೆದಳು ಮಗಾ, ಉಗುರು ಒಂದೂ ಉಳೀಲಿಲ್ಲ. ಅದಾದ ಮೇಲೆ ಬೆಳಕು ಕಾಣದ ಕಡೆ ನನ್ನ ಕಾಲು ಹೋಗಲೇ ಇಲ್ಲ. ಒಳಗೆ ಹೋದರೆ ಉಸಿರು ಕಟ್ಟುವುದು, ಬೆವರು. ಅವಳು ಹೇಳಿದಳು, ನೀನು ಬೆಳಕು ಇರುವವರೆಗೆ ತೋಡು, ಅಲ್ಲಿಂದ ಮುಂದೆ ನಾನು."

"ಯಾರಿಗೂ ಗೊತ್ತಾಗ್ಲಿಲ್ವಾ?"

"ಹೆಂಗಸು ತೋಡಿದರೆ ಒರತೆ ಹಿಂದೆ ಹೋಗ್ತದೆ ಅಂತ ಜಾಗದ ಮನೆಯವರು ಬಿಡ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆವು. ಒಳಗಿರುವವರಿಗೆ ಹೊರಗಿನವರು ಆಗಾಗ 'ಓ' ಅಂತ ಕರೀಬೇಕು. ಒಳಗಿಂದ 'ಓ' ಅಂತ ಬಂದರೆ ಜೀವ ಉಂಟು ಅಂತ ಲೆಕ್ಕ. ಎಲ್ಲ ಕೆಲಸದವರೂ ಹಾಗೆಯೇ. ನಮ್ಮದು ಮಾತ್ರ, ಜಾಗದ ಧಣಿ ಬರುವುದು ಕಂಡರೆ ನಾನು ಎರಡು ಸಲ ಕರೀತಿದ್ದೆ. ಅವಳು ಬೆಳಕಿನ ಹತ್ತಿರಕ್ಕೆ ಬಂದು ಹಗ್ಗ ಹಿಡೀತಿದ್ದಳು, ನಾನು ಪಿಕ್ಕಾಸು ಹಿಡೀತಿದ್ದೆ. ಹನ್ನೊಂದು ವರ್ಷ. ಹೆಸರು ನನಗೆ ಬಂತು."

"ಆಮೇಲೆ?"

"ಕೊನೆಯದ್ದು ಸುಕುಮಾರನ ಮನೆಯದ್ದು. ನೀರು ಬಿದ್ದ ದಿವಸ ಮನೆಯ ಹೆಂಗಸು ತಂಬಿಗೆಯಲ್ಲಿ ಆ ನೀರು ತಂದು ತೋಡಿದವನಿಗೆ ಮೊದಲು ಕೊಡಬೇಕು. ಅವರು ಕುಡಿಯುವ ಮುಂಚೆ. ಅದು ಕ್ರಮ. ಬೇರೆ ಕಡೆ ಎಲ್ಲ ಅರ್ಧ ನಾನು ಕುಡಿದು ಅರ್ಧ ಅವಳಿಗೆ ಕೊಡ್ತಿದ್ದೆ. ಆ ದಿವಸ ಅಂಗಳದಲ್ಲಿ ಜನ ಇತ್ತು, ನನ್ನ ಹೊಗಳ್ತಾ ಇದ್ದರು. ಅವಳು ಕೈ ಮುಂದೆ ಮಾಡಿದ್ದಳು ಮಗಾ. ಕಂಡಿತ್ತು ನನಗೆ. ನಾನು ಎಲ್ಲ ಕುಡಿದೆ."

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲವಂತೆ. ಕೊಡಗಿನ ಕಾಫಿ ತೋಟಕ್ಕೆ ಹೋಗುವ ಗುಂಪಿನ ಜೊತೆ ಹೋದಳಂತೆ. ಅಜ್ಜ ಮಡಿಕೇರಿಯವರೆಗೆ ಬಸ್ಸಿನಲ್ಲಿ ಹೋಗಿ, ಸ್ಟ್ಯಾಂಡಿನಲ್ಲಿ ಒಂದು ದಿನ ಕೂತು, ವಾಪಸು ಬಂದಿದ್ದಾರೆ. ಯಾವ ತೋಟವೆಂದು ಯಾರಿಗೆ ಗೊತ್ತು.

"ಮದುವೆ ಆಗ್ಬೇಕು ಅಂತ ಇತ್ತಾ ಅಜ್ಜ?"

"ಕೇಳಲಿಕ್ಕೆ ಆ ನೀರು ಕುಡಿದ ಮೇಲೆ ಬಾಯಿ ಎಲ್ಲಿತ್ತು?"

ಅಜ್ಜ ಅರ್ಧ ಗಡ್ಡವನ್ನು ಹಾಗೆಯೇ ಬಿಟ್ಟು ಒಳಗೆ ಹೋದರು.

ಫೆಬ್ರವರಿ 27

ವೀಸಾ ಬಂತು. ಮಾರ್ಚ್ ಹನ್ನೆರಡಕ್ಕೆ ಮಂಗಳೂರಿನಿಂದ ಟಿಕೇಟು.

ಇವತ್ತು ಏಳನೆಯ ಸುರಂಗ. ಕೊನೆಯ ಗೂಡಿನಲ್ಲಿ ಒಂದು ತೆಂಗಿನ ಗೆರಟೆಯ ಚೂರು ಸಿಕ್ಕಿತು, ಎಣ್ಣೆ ಹಾಕುತ್ತಿದ್ದದ್ದಿರಬೇಕು. ಅವಳು ಆ ಕತ್ತಲಲ್ಲಿ ಒಬ್ಬಳೇ ಕೂತು ಏನು ಯೋಚಿಸುತ್ತಿದ್ದಳೋ. ಹಸಿವಾಗುತ್ತಿತ್ತೋ ಏನೋ. ಹೊರಗೆ ಬಂದ ಮೇಲೆ ಬಿಸಿಲಿಗೆ ಕಣ್ಣು ಹೊಂದುವವರೆಗೆ ಹೀಗೇ ನಿಲ್ಲುತ್ತಿದ್ದಳೇ? ಎಡಗೈಯಲ್ಲಿ ಟಾರ್ಚು ಹಿಡಿದು, ಬಲಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತೆ.

ಹೊರಗಿನಿಂದ ಟೀಚರ್ "ಎಂತಾಯ್ತು ಕುಶಲ್?" ಎಂದು ಕೂಗಿದರು. "ಓ," ಎಂದೆ.

ಮಾರ್ಚ್ 3

ಮನೆಯಲ್ಲಿ ಗಲಾಟೆ. ಟೀಚರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಎಂತ ನಿಜ? ಜೀವಮಾನದಲ್ಲಿ ಒಮ್ಮೆ ಈ ಮನೆಯವರ ಹೆಗಲಿಗೆ ಒಬ್ಬರು ಶಾಲು ಹಾಕ್ತಾರೆ. ನಿನ್ನ ಅಪ್ಪನಿಗೆ ಯಾರೂ ಹಾಕ್ಲಿಲ್ಲ. ನಿನಗೆ ಅಲ್ಲಿ ಯಾರು ಹಾಕಿದ್ದಾರೆ? ನೀನು ವಿಮಾನ ಹತ್ತಿ ಹೋಗ್ತೀ, ಊರವರ ಮಾತು ಕೇಳುವವಳು ನಾನು!"

"ಅವಳ ಹೆಸರು ಎಲ್ಲಿಯೂ ಇಲ್ಲಮ್ಮ."

"ನನ್ನ ಹೆಸರು ಎಲ್ಲಿ ಉಂಟು? ರೇಶನ್ ಕಾರ್ಡಿನಲ್ಲಿ!"

ಅಜ್ಜ ಜಗಲಿಯಿಂದಲೇ, "ಸಾಕು," ಎಂದರು. ಯಾರಿಗೆ ಹೇಳಿದ್ದೆಂದು ಗೊತ್ತಾಗಲಿಲ್ಲ. ಹೊಸ ಮುಂಡು ಅವರ ಪಕ್ಕದಲ್ಲಿ ಮಡಚಿದ ಹಾಗೆಯೇ ಇತ್ತು.

ಹೇಳುವುದು ನನ್ನ ಕೆಲಸವೋ, ಅಜ್ಜನದ್ದೋ? ಹೇಳದೆ ಹೋದರೆ ಪುಸ್ತಕ ಅಚ್ಚಾಗುತ್ತದೆ. ಆಮೇಲೆ ಅದೇ ನಿಜ.

ಮಾರ್ಚ್ 7

ಬ್ಯಾಗು ತುಂಬಿಸುತ್ತಿದ್ದೇನೆ. ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ. ತೂಕ ಜಾಸ್ತಿಯಾಯಿತು, ಶೂ ತೆಗೆದೆ.

ಮಾರ್ಚ್ 10

ಇವತ್ತು ಉದ್ದ ಮಾತಾಡಬೇಕು. ನಾಳೆ ಪುರುಸೊತ್ತು ಇರುವುದಿಲ್ಲ.

ಬೆಳಗ್ಗೆ ಅಜ್ಜ ಹಳೆಯ ಮುಂಡು ಉಟ್ಟು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಹಗ್ಗದ ಸುರುಳಿ.

"ಟೀಚರಿಗೆ ಫೋನು ಮಾಡು. ಸುಕುಮಾರನಲ್ಲಿಗೆ ಬರ್ಲಿಕ್ಕೆ ಹೇಳು. ರಿಕ್ಷಾ ಕರಿ."

ಯಾಕೆ ಎಂದು ಕೇಳಲಿಲ್ಲ. ಅಮ್ಮ ಕೇಳುವಷ್ಟರಲ್ಲಿ ಅಜ್ಜ ಗೇಟಿನ ಹತ್ತಿರ ಹೋಗಿ ನಿಂತಿದ್ದರು.

ಸುರಂಗದ ಬಾಯಿಯ ಹತ್ತಿರ ಒಂದು ಕಲ್ಲಿದೆ. ನಾನು ಅಷ್ಟು ಸಲ ಹೋಗಿಯೂ ಅದನ್ನು ಗಮನಿಸಿರಲಿಲ್ಲ. ನಡುವೆ ನುಣ್ಣಗೆ ತಗ್ಗಾಗಿದೆ, ಒಬ್ಬರು ಕೂತು ಕೂತು ಆದ ತಗ್ಗು. ಅಜ್ಜ ನೇರ ಹೋಗಿ ಅದರಲ್ಲಿ ಕೂತರು. ಸರಿಯಾಗಿ ಹಿಡಿಯಿತು. ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, "ಕೊನೆಗೆ ಹೋಗು. ಅವಳ ಗೂಡಿನಲ್ಲಿ ಇದನ್ನು ಹಚ್ಚಿಡು," ಎಂದು ಒಂದು ಗೆರಟೆ, ಬತ್ತಿ, ಸಣ್ಣ ಶೀಶೆಯಲ್ಲಿ ಎಣ್ಣೆ ಕೊಟ್ಟರು.

ಹೋದೆ. ತಿರುವಿನವರೆಗೆ ಬೆನ್ನ ಮೇಲೆ ಬೆಳಕಿತ್ತು, ಆಮೇಲೆ ಇಲ್ಲ. ಹಿಂದಿನಿಂದ ಅಜ್ಜನ ದನಿ ಬಂತು: "ಓ..." ಎಂಬತ್ತೆರಡರ ದನಿಯಲ್ಲ. ಅಷ್ಟು ಉದ್ದದ ಕತ್ತಲನ್ನು ದಾಟಿ ಬರಬೇಕಾದ ದನಿ ಹೇಗಿರಬೇಕೋ ಹಾಗಿತ್ತು.

"ಓ," ಎಂದೆ.

ಕೊನೆ ಮುಟ್ಟಿ ಬಲಗಡೆಯ ಗೂಡಿನಲ್ಲಿ ದೀಪ ಹಚ್ಚಿದೆ. ಒರತೆಯ ಗೋಡೆ ಇಡೀ ಮಿನುಗಿತು. ಪಿಕ್ಕಾಸಿನ ಗೀರುಗಳು ಎಡದಿಂದ ಬಲಕ್ಕೆ ಇಳಿದಿದ್ದವು, ಒಂದೊಂದೂ ಕಾಣುತ್ತಿತ್ತು. ಅವಳಿಗೂ ಹೀಗೆಯೇ ಕಂಡಿರಬೇಕು. ಇದನ್ನು ಅವಳನ್ನು ಬಿಟ್ಟರೆ ನೋಡಿದವನು ನಾನೊಬ್ಬನೇ.

ಆಗ ಹೊರಗಿನಿಂದ ಸುಕುಮಾರಣ್ಣನ ಮಾತು ಕೇಳಿಸಿತು. ಸುರಂಗದಲ್ಲಿ ಹೊರಗಿನ ಸಣ್ಣ ಮಾತೂ ಒಳಗೆ ಬರುತ್ತದೆ. "ಎಂತ ಚೆನ್ನಪ್ಪಣ್ಣ, ಈ ಪ್ರಾಯದಲ್ಲಿ ಮತ್ತೆ ತೋಡ್ಲಿಕ್ಕೆ ಹೊರಟದ್ದಾ?"

ಜಾಗದ ಧಣಿ ಬಂದಾಯಿತು. ಎರಡು ಸಲ ಕರೆಯುತ್ತಾರೆ ಎಂದು ಕಾದೆ. ಅಜ್ಜನ ಅಭ್ಯಾಸವಲ್ಲವೇ, ಹನ್ನೊಂದು ವರ್ಷದ್ದು. ನನ್ನ ಕಾಲು ತಾನಾಗಿ ಹಿಂದೆ ತಿರುಗಲು ತಯಾರಾಗಿತ್ತು.

"ಓ..."

ಒಂದು. ಆಮೇಲೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಎಷ್ಟು ಹೊತ್ತು ಕಾದರೂ ಎರಡನೆಯದು ಬರಲಿಲ್ಲ.

"ಓ" ಎಂದೆ. ಅಲ್ಲಿಯೇ ನಿಂತೆ.

ಅಜ್ಜ ಹೇಳುವುದು ಕೇಳಿಸಿತು. "ಸುಕುಮಾರಾ, ಟೀಚರೇ, ಬರ್ಕೊಳ್ಳಿ. ಈ ಸುರಂಗದಲ್ಲಿ ಹನ್ನೆರಡು ಕೋಲು ನನ್ನದು. ಮುಂದಿನ ಇಪ್ಪತ್ತಾರು ಕಿನ್ನಿಯದ್ದು. ನೀರು ತಂದದ್ದು ಅವಳು. ನಾನು ಮಣ್ಣು ಎಳೆದವ. ಉಳಿದದ್ದೂ ಹಾಗೆಯೇ, ಎಲ್ಲ ಹೇಳ್ತೇನೆ."

ನಾನು ಹೊರಗೆ ಬರುವಾಗ ಸುಕುಮಾರಣ್ಣ ಇನ್ನೂ ಬಾಯಿ ತೆರೆದುಕೊಂಡೇ ಇದ್ದರು. "ಹಾಗಾದರೆ ನಾವು ಐವತ್ತು ವರ್ಷದಿಂದ ಹೆಂಗಸು ತೋಡಿದ ನೀರು ಕುಡೀತಾ ಇದ್ದದ್ದಾ?"

ಅವರ ಹೆಂಡತಿ ಅಮ್ಮಣ್ಣಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಮತ್ತೆ ಒಲೆಯವರೆಗೆ ಹೊತ್ತದ್ದು ಯಾರು, ನಿಮ್ಮ ಅಪ್ಪನಾ?" ಎಂದರು. ಟೀಚರ್ ಪುಸ್ತಕ ಅಡ್ಡ ಹಿಡಿದು ನಕ್ಕರು.

ಅಮ್ಮಣ್ಣಿ ಅಕ್ಕ ಒಳಗೆ ಹೋಗಿ ತಾಮ್ರದ ತಂಬಿಗೆಯಲ್ಲಿ ನೀರು ತಂದು ಅಜ್ಜನ ಮುಂದೆ ಹಿಡಿದರು. ಬಿಸಿಲಲ್ಲಿ ಬಂದ ಮುದುಕನಿಗೆಂದು ತಂದದ್ದು, ಅವರಿಗೆ ಏನೂ ಗೊತ್ತಿಲ್ಲ. ಅಜ್ಜ ತಂಬಿಗೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಅದರೊಳಗೆ ನೋಡಿದರು. ಕುಡಿಯಲಿಲ್ಲ. ಕೂತಿದ್ದ ಕಲ್ಲಿನ ಪಕ್ಕ, ಇನ್ನೊಬ್ಬರು ಕೂರಬಹುದಾದ ಜಾಗದಲ್ಲಿ, ಮೆಲ್ಲ ಕೆಳಗಿಟ್ಟರು.

"ಪೂರ್ತಿ ಹೆಸರು ಎಂತ ಅಜ್ಜ?" ಟೀಚರ್ ಕೇಳಿದರು. "ಅಪ್ಪನ ಹೆಸರು, ಮನೆ ಹೆಸರು?"

"ಕಿನ್ನಿ," ಎಂದರು ಅಜ್ಜ. "ಅಷ್ಟೇ ಕರೆದದ್ದು ನಾನು. ಬೇರೆ ಕೇಳ್ಲೇ ಇಲ್ಲ."

ಟೀಚರ್ ಬರೆದರು. ಅಷ್ಟು ದೊಡ್ಡ ಸಾಲಿನಲ್ಲಿ ಎರಡೇ ಅಕ್ಷರ.

ಮಾರ್ಚ್ 12

ಮಂಗಳೂರು ಏರ್‌ಪೋರ್ಟು. ಹೊರಡುವಾಗ ಅಜ್ಜ ಗೇಟಿನವರೆಗೆ ಬಂದರು. ರಿಕ್ಷಾ ತಿರುವು ದಾಟುವಾಗ ಹಿಂದಿನಿಂದ "ಓ" ಎಂದು ಕೇಳಿಸಿತು. ರಿಕ್ಷಾದಿಂದ ತಲೆ ಹೊರಗೆ ಹಾಕಿ ಉತ್ತರ ಕೊಟ್ಟೆ. ಡ್ರೈವರ್ ನನ್ನನ್ನೇ ನೋಡಿದ.

ಮಾರ್ಚ್ 15

ಅಮ್ಮ ಫೋಟೋ ಕಳಿಸಿದ್ದಾಳೆ. ವೇದಿಕೆಯಲ್ಲಿ ಅಜ್ಜ ಹೊಸ ಮುಂಡು ಉಟ್ಟು ಕೂತಿದ್ದಾರೆ. ಶಾಲು ಹೆಗಲ ಮೇಲಿಲ್ಲ, ಮಡಚಿ ತೊಡೆಯ ಮೇಲಿದೆ. ಜೊತೆಗೆ ಅಮ್ಮನ ವಾಯ್ಸು: "ಹಾಕಿದ ಕೂಡ್ಲೆ ತೆಗೆದು ಮಡಚಿದರು ಮಾರಾಯ. ಮನೆಗೆ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದು ಬೇರೆಯವರದ್ದಂತೆ, ಬಂದರೆ ಕೊಡ್ಬೇಕಂತೆ. ಕೊಡಗಿನ ತೋಟಗಳಿಗೆ ಟೀಚರ್ ಕಾಗದ ಬರೀತಾರಂತೆ. ಪುಸ್ತಕದಲ್ಲಿ ಕಿನ್ನಿಯ ಹೆಸರು ಅಚ್ಚಾಗಿ ಬಂದಿದೆ, ಊರಲ್ಲಿ ಎಲ್ಲರೂ ಕೇಳುವುದು ಅವಳ ಸುದ್ದಿಯೇ. ನಾನೂ ಹೇಳ್ತೇನೆ, ನಮ್ಮ ಮಾವನ ಜೊತೆ ತೋಡಿದವಳು ಅಂತ."

ಮಾರ್ಚ್ 21

ಹೊಸ ಹೋಟೆಲು, ಒಂಬತ್ತನೆಯ ಮಹಡಿ. ಇವತ್ತು ಡಕ್ಟಿನೊಳಗೆ ಹೋದದ್ದು ಅದೇ ಮೇಲಿನ ಬೆಡ್ಡಿನ ಬಂಗಾಳಿ, ರಫೀಕುಲ್, ಹೊರಗೆ ಪೈಪು ಹಿಡಿದು ನಿಂತದ್ದು ನಾನು. ಅವನ ಊರು ಸಿಲ್ಹೆಟ್, ಹೊಳೆಯ ದಡ. ಅವನ ಅಜ್ಜ ದೋಣಿ ಮಾಡುತ್ತಿದ್ದರಂತೆ, ಮೋತಿಯುರ್ ಅಂತ ಹೆಸರು. ದೋಣಿಯ ಒಳಮೈಗೆ ಎಣ್ಣೆ ಹಚ್ಚುತ್ತಿದ್ದದ್ದು ಅಜ್ಜಿಯಂತೆ. ಅಜ್ಜಿಯ ಹೆಸರು ಏನು ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಊರಿಗೆ ಫೋನು ಮಾಡಿ ಕೇಳುತ್ತೇನೆ ಎಂದ.

ಅವನು ತಿರುವು ದಾಟಿದ ಮೇಲೆ ಟಾರ್ಚಿನ ಬೆಳಕು ಕಾಣದಾಯಿತು. ಡಕ್ಟಿನ ಬಾಯಿ ಹತ್ತಿರ ಬಗ್ಗಿ "ಓ..." ಎಂದೆ.

ಒಳಗೆ ಕೆರೆಯುವ ಸದ್ದು ನಿಂತಿತು. ಇದೇನು ಹುಚ್ಚು ಎಂದು ಹಿಂದಿಯಲ್ಲಿ ಕೇಳಿದ.

"ನಮ್ಮೂರಲ್ಲಿ ಹೀಗೆಯೇ," ಎಂದೆ. "ನೀನೂ ಹೇಳಬೇಕು."

ಕಾದೆ.